ಪ್ಯಾಕಿಂಗ್ ಅಕ್ಕ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಗ್ಯಾರೇಜುಗಳ ಆ ಬೀದಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಪ್ಯಾಕಿಂಗ್ ಅಕ್ಕ. ಎಂಜಿನ್ನಿನ ಎರಡು ಭಾಗಗಳನ್ನು ಬೋಲ್ಟು ಹಾಕಿ ಬಿಗಿಯುವಾಗ ಗಾಳಿ, ಎಣ್ಣೆ ಸೋರದಂತೆ ನಡುವೆ ದಪ್ಪ ಕಾಗದದ ಹಾಳೆಯೊಂದನ್ನು ಅದೇ ಆಕಾರಕ್ಕೆ ಕತ್ತರಿಸಿ ಇಡುತ್ತಾರೆ. ಅದೇ ಪ್ಯಾಕಿಂಗ್. ಹೊಸ ಗಾಡಿಗಳದು ಅಂಗಡಿಯಲ್ಲಿ ಸಿಗುತ್ತದೆ. ಮಾಡಿದ ಕಂಪನಿಯೇ ಬಾಗಿಲು ಹಾಕಿಕೊಂಡು ಹೋದ ಹಳೆಯ ಗಾಡಿಗಳದ್ದನ್ನು ಎಲ್ಲಿಂದ ತರುವುದು? ಹಾಳೆಯನ್ನು ಲೋಹದ ಮೇಲಿಟ್ಟು, ಅಂಚಿನುದ್ದಕ್ಕೂ ಗುಂಡುತಲೆಯ ಸುತ್ತಿಗೆಯಿಂದ ಟಕಟಕ ಬಡಿಯುತ್ತಾ ಹೋದರೆ ಲೋಹದ ಅಂಚೇ ಹಾಳೆಯನ್ನು ಕತ್ತರಿಸಿ ಕೊಡುತ್ತದೆ. ಕೇಳುವುದಕ್ಕೆ ಸುಲಭ. ಬೀದಿಯ ಗಂಡಸರೆಲ್ಲ ಮೊದಲು ತಾವೇ ಮಾಡಲು ಹೋಗಿ, ಹಾಳೆ ಹರಿದು, ಬೆರಳು ಜಜ್ಜಿಕೊಂಡು, ಕೊನೆಗೆ ಪೆಚ್ಚು ಮುಖ ಹೊತ್ತು ಅವಳ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಅಕ್ಕಾ, ಒಂದು ಪ್ಯಾಕಿಂಗ್..."

"ಹರಿದು ಹಾಕಿ ಬಂದ್ರಾ? ಮೊದಲೇ ಬರೋಕೆ ಏನು ರೋಗ ಬಂದಿತ್ತು?" ಎಂದು ಬೈಯುತ್ತಲೇ ಅವಳು ಸುತ್ತಿಗೆಗೆ ಕೈ ಹಾಕುತ್ತಿದ್ದಳು. ಬೈಸಿಕೊಂಡವರಿಗೆ ಬೇಸರವಿರಲಿಲ್ಲ. ಅವಳು ಬೈಯದೆ ಕೊಟ್ಟ ದಿನ ಮಾತ್ರ, ಅಕ್ಕನಿಗೆ ಮೈಗೆ ಹುಷಾರಿಲ್ಲವೇನೋ ಎಂದು ಮಾತಾಡಿಕೊಳ್ಳುತ್ತಿದ್ದರು.

ಇದೇನೂ ಅವಳು ತವರಿನಿಂದ ಕಲಿತು ತಂದ ವಿದ್ಯೆಯಲ್ಲ. ತವರಿನಲ್ಲಿ ಗಾಡಿ ಎಂದರೆ ಅಪ್ಪನ ಸೈಕಲ್ಲು, ಅದೂ ಹೆಜ್ಜೆಗೊಮ್ಮೆ ಚೈನು ಕಳಚುವ ಸೈಕಲ್ಲು. ಮದುವೆಯಾದ ಹೊಸತರಲ್ಲಿ ಗಂಡನಿಗೆ ಊಟದ ಡಬ್ಬಿ ಕೊಡಲೆಂದು ಶೆಡ್ಡಿಗೆ ಹೋದಳು. ಕಾರಿನ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಆ ಕಾಲುಗಳ ಒಡೆಯ ಒಳಗಿನಿಂದಲೇ, "ಯಾರದು? ಆ ಲೈಟ್ ಸ್ವಲ್ಪ ಹಿಡಿ," ಎಂದು ಕೂಗಿದ. ಹಿಡಿದಳು. ಊಟ ಆರಿ ತಣ್ಣಗಾಯಿತು. ಮಾರನೆಯ ದಿನವೂ ಹಿಡಿದಳು. ಸಾಕು, ಕೆಳಗಿಡು ಎಂದು ಯಾರೂ ಹೇಳಲಿಲ್ಲವಾದ್ದರಿಂದ ಮಗಳು ಹುಟ್ಟಿ, ಓದಿ, ನರ್ಸಾಗಿ ಬೇರೆ ಊರಿನ ಆಸ್ಪತ್ರೆಗೆ ಹೋಗುವವರೆಗೂ ಹಿಡಿದುಕೊಂಡೇ ಇದ್ದಳು. ಗಂಡನ ಹಳೆಯ ತುಂಬುತೋಳಿನ ಅಂಗಿಯೊಂದನ್ನು ಬಟ್ಟೆಯ ಮೇಲೆ ತೊಟ್ಟು, ತಲೆಗೊಂದು ವಸ್ತ್ರ ಬಿಗಿದುಕೊಂಡರೆ ಶೆಡ್ಡಿನ ಉಡುಪು ಮುಗಿಯಿತು.

ಗಂಡನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಹಳೆಯ ಕಾರುಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ವಿಷಯದಲ್ಲಿ ಅವನದು ಎತ್ತಿದ ಕೈ. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೆ ಹಿಡಿದು, ಅದು ಗಾಳಿ ಎಳೆದುಕೊಳ್ಳುವ ಸದ್ದಿನಲ್ಲೇ ಕಾಯಿಲೆ ಹೇಳುತ್ತಿದ್ದ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೆಂಡತಿ ಕತ್ತರಿಸಿಕೊಟ್ಟ ಪ್ಯಾಕಿಂಗನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಎಂಜಿನ್ನಿನ ಮೇಲಿಡುತ್ತಿದ್ದ. ತಪ್ಪಿದ್ದರೆ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದನಾದ್ದರಿಂದ, ಏನೂ ಹೇಳದಿದ್ದರೆ ಅದೇ ಮೆಚ್ಚುಗೆ ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು. ಗಂಡಂದಿರ ಮೆಚ್ಚುಗೆಯನ್ನು ಹೀಗೆ ಹೆಂಡತಿಯರೇ ಊಹಿಸಿಕೊಳ್ಳಬೇಕಾಗಿ ಬರುವುದು ಯಾವ ನ್ಯಾಯವೋ ನನಗಂತೂ ತಿಳಿಯದು. ಅವಳು ಮಾತ್ರ ಅದರಲ್ಲೇ ಸುಖವಾಗಿದ್ದಳು.

ಆ ಶೆಡ್ಡಿನಲ್ಲಿ ಇದ್ದದ್ದು ಒಂದೇ ಕಾನೂನು: ಬಿಚ್ಚಿದವರೇ ಮುಚ್ಚಬೇಕು. ಒಬ್ಬರು ಬಿಚ್ಚಿದ್ದಕ್ಕೆ ಇನ್ನೊಬ್ಬರು ಕೈ ಹಾಕಕೂಡದು. ಯಾವ ಬೋಲ್ಟು ಎಲ್ಲಿಂದ ಬಂತು, ಯಾವ ವಾಷರ್ ಯಾವುದರ ಕೆಳಗಿತ್ತು ಎಂಬುದು ಬಿಚ್ಚಿದ ಕೈಗೆ ಮಾತ್ರ ಗೊತ್ತಿರುತ್ತದೆ ಎನ್ನುವುದು ಮೇಸ್ತ್ರಿಯ ವಾದ. ಒಮ್ಮೆ ಅವನು ಜ್ವರ ಬಂದು ಮಲಗಿದ್ದಾಗ, ಪಾಪ ಎಂದುಕೊಂಡು ಇವಳು ಅವನು ಅರ್ಧಕ್ಕೆ ಬಿಟ್ಟಿದ್ದ ಗೇರ್‌ಬಾಕ್ಸಿನ ಮುಚ್ಚಳ ಹಾಕಿ ಬಿಗಿದಿದ್ದಳು. ಕಂಬಳಿ ಹೊದ್ದೇ ಎದ್ದು ಬಂದು, ಪೂರ್ತಿ ಬಿಚ್ಚಿ, ಮೊದಲಿನಿಂದ ಮತ್ತೆ ಮುಚ್ಚಿ ಹೋಗಿ ಮಲಗಿದ. ಆಮೇಲೆ ಅನ್ನ ಬಡಿಸಿದರೂ ಮಾತಿಲ್ಲ, ಮಾತ್ರೆ ಕೊಟ್ಟರೂ ಮಾತಿಲ್ಲ. ಜ್ವರ ಇಳಿದ ಮೇಲೂ ಮುನಿಸು ಇಳಿಯಲು ಬಹಳ ದಿನ ಬೇಕಾಯಿತು.

ಇಂಥ ಮನುಷ್ಯನಿಗೆ ಮರೆವು ಹಿಡಿಯಿತು.

ಅದು ಮೊದಲು ಕಂಡದ್ದು ಶೆಡ್ಡಿನಲ್ಲೇ. ಒಂದು ಗಾಡಿಯ ಹಳೆಯ ಎಂಜಿನ್ ಆಯಿಲ್ ಇಳಿಸಿ, ಕೈ ತೊಳೆದುಕೊಂಡು ಬಂದು ಬಾನೆಟ್ ಮುಚ್ಚತೊಡಗಿದ. "ರೀ, ಹೊಸ ಆಯಿಲ್?" ಎಂದಳು. "ಹಾಕಿದೆನಲ್ಲ, ಕಣ್ಣು ಕಾಣಲ್ವಾ?" ಎಂದ. ಡಬ್ಬಿ ಸೀಲು ಕೂಡ ಒಡೆಯದೆ ಪಕ್ಕದಲ್ಲೇ ಕೂತಿತ್ತು. ಅವನು ಚಹಾ ಕುಡಿಯಲು ಹೋಗುವುದನ್ನೇ ಕಾದು, ಆಯಿಲ್ ತುಂಬಿ, ಖಾಲಿ ಡಬ್ಬಿಯನ್ನು ಅವನು ಇಡುವ ಜಾಗದಲ್ಲೇ ಇಟ್ಟಳು. ಶೆಡ್ಡಿನ ಕಾನೂನನ್ನು ಅವಳು ಅವನ ಕಣ್ಣು ತಪ್ಪಿಸಿ ಮುರಿದದ್ದು ಅಂದೇ ಮೊದಲು.

ನರಗಳ ಡಾಕ್ಟರು ತಲೆಯ ಸ್ಕ್ಯಾನ್ ತೆಗೆಸಿ ನೋಡಿ, ಮೆತ್ತಗಿನ ದನಿಯಲ್ಲಿ, "ಇದು ವಾಸಿಯಾಗೋ ಕಾಯಿಲೆ ಅಲ್ಲಮ್ಮ. ಆದ್ರೆ ಕೈಗೆ ರೂಢಿಯಾದ ಕೆಲಸ ಮಾತ್ರ ಬಿಡಿಸಬೇಡಿ. ಅದು ಇರೋ ತನಕ ಮನುಷ್ಯ ಗಟ್ಟಿ ಇರ್ತಾರೆ," ಎಂದರು. ಅವಳು ಆ ಮಾತನ್ನು ಗಂಟು ಕಟ್ಟಿಕೊಂಡಳು. ಬ್ರೇಕು, ಸ್ಟಿಯರಿಂಗಿನ ಕೆಲಸ ಬಂದರೆ, "ಮೇಸ್ತ್ರಿಗೆ ಸೊಂಟ ಹಿಡಿದಿದೆ, ಬೇರೆ ಕಡೆ ತೋರಿಸಿ," ಎಂದು ಸಾಗಹಾಕುತ್ತಿದ್ದಳು. ತಪ್ಪಿದರೆ ಯಾರ ಜೀವಕ್ಕೂ ಅಪಾಯವಾಗದ ಕೆಲಸಗಳನ್ನಷ್ಟೇ ಒಳಗೆ ಬಿಡುತ್ತಿದ್ದಳು: ಪ್ಲಗ್ಗು, ಫಿಲ್ಟರು, ಕಾರ್ಬುರೇಟರು. ಅವನ್ನು ಅವನು ಮಾಡಿ ಮುಗಿಸಿದ ಮೇಲೆ ಕಣ್ಣು ತಪ್ಪಿಸಿ ಒಂದೊಂದನ್ನೂ ನೋಡುತ್ತಿದ್ದಳು. ಸರಿಯಿದ್ದರೆ ಸಮಾಧಾನದ ಉಸಿರು. ತಪ್ಪಿದ್ದರೆ ಬಿಚ್ಚಿ, ಸರಿಮಾಡಿ, ಮುಚ್ಚಿ, ಏನೂ ಗೊತ್ತಿಲ್ಲದವಳ ಹಾಗೆ ಕಸ ಗುಡಿಸುತ್ತಿದ್ದಳು.

ಒಮ್ಮೆ ಮಾತ್ರ ಬಾಯಿ ಜಾರಿತ್ತು. "ರೀ, ಪ್ಲಗ್ಗಿನ ವೈರು ಅದಲು ಬದಲಾಗಿದೆ ನೋಡಿ," ಎಂದುಬಿಟ್ಟಿದ್ದಳು. ಅವನು ಕೂಗಾಡುತ್ತಾನೆಂದು ತಯಾರಾಗಿದ್ದಳು. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಎಂಜಿನ್ ನೋಡಿದ, ಆಮೇಲೆ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಗೋಡೆ ಪಕ್ಕದ ಹಳೆಯ ಬಸ್ಸಿನ ಸೀಟಿನ ಮೇಲೆ ಕೂತವನು ಸಂಜೆಯವರೆಗೂ ಏಳಲಿಲ್ಲ. "ಇದು ನನ್ನ ಕೈಯೇನೇ?" ಎಂದು ಒಂದೇ ಸಲ ಕೇಳಿದ. ಇನ್ನು ಜನ್ಮದಲ್ಲಿ ಅವನ ತಪ್ಪನ್ನು ಅವನಿಗೆ ತೋರಿಸುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದಳು. ತನ್ನ ಕೈ ಕೆಟ್ಟಿದೆ ಎಂದು ಅವನಿಗೆ ತಿಳಿದ ದಿನ ಅವನು ಶೆಡ್ಡಿಗೆ ಬರುವುದಿಲ್ಲ. ಶೆಡ್ಡಿಗೆ ಬರದ ದಿನ ಅವನು ಮೇಸ್ತ್ರಿಯಾಗಿರುವುದಿಲ್ಲ. ಆಮೇಲೆ ಏನಾಗಿರುತ್ತಾನೆ ಎಂದು ಯೋಚಿಸುವುದಕ್ಕೂ ಅವಳಿಗೆ ಧೈರ್ಯವಿರಲಿಲ್ಲ.

ಮಗಳು ಫೋನಿನಲ್ಲಿ ರೇಗುತ್ತಿದ್ದಳು. "ಅಮ್ಮಾ, ಎಷ್ಟು ದಿನ ಅಂತ ಹೀಗೆ ಅಪ್ಪನ ಹಿಂದೆ ಹಿಂದೆ ತಿದ್ದುತ್ತಾ ಇರ್ತೀಯ? ಶೆಡ್ ಮುಚ್ಚು. ಇಬ್ಬರೂ ಇಲ್ಲಿಗೆ ಬಂದುಬಿಡಿ."

"ಆಗೋವಷ್ಟು ದಿನ."

"ನಿನ್ನ ಕೈಲೂ ಆಗದೇ ಇದ್ರೆ?"

"ಆಗ ನೀನು ಬಂದು ನನ್ನ ಹಿಂದೆ ತಿದ್ದು," ಎಂದು ನಗಿಸಿ ಫೋನಿಡುತ್ತಿದ್ದಳು. ನಕ್ಕದ್ದು ಮಗಳು, ಕಣ್ಣೊರೆಸಿಕೊಂಡದ್ದು ಇವಳು.

ಹೀಗಿರುವಾಗ ಕಪ್ಪೆ ಬಂತು. ಕಪ್ಪೆ ಎಂದರೆ ಹಲ್ಲು ಡಾಕ್ಟರ ಕಾರು. ಇಬ್ಬರೇ ಕೂರಬಹುದಾದ, ಮೇಲೆ ಮುಚ್ಚಿಗೆಯಿಲ್ಲದ, ನೆಲಕ್ಕಂಟಿಕೊಂಡಂತೆ ಓಡುವ ಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು. ಎರಡು ದೀಪ ಹಣೆಯ ಮೇಲೆ ಉಬ್ಬಿಕೊಂಡಿದ್ದುದಕ್ಕೆ ಬೀದಿಯವರು ಇಟ್ಟ ಹೆಸರು ಅದು. ಡಾಕ್ಟರು ಆಳೆತ್ತರಕ್ಕಿಂತ ಒಂದು ಗೇಣು ಹೆಚ್ಚೇ ಇದ್ದರು. ಅದರೊಳಗೆ ಕೂರಬೇಕಾದರೆ ಮಡಿಸುವ ಕುರ್ಚಿಯ ಹಾಗೆ ತಮ್ಮನ್ನೇ ಮಡಿಚಿಕೊಳ್ಳಬೇಕಿತ್ತು. ಹಲ್ಲು ಕೀಳುವಾಗ ನಡುಗದ ಅವರ ಕೈ ಕಪ್ಪೆಯ ಬಾನೆಟ್ ಎತ್ತುವಾಗ ನಡುಗುತ್ತಿತ್ತು. ಮೇಸ್ತ್ರಿಯನ್ನು ಬಿಟ್ಟು ಬೇರೆ ಯಾರಿಂದಲೂ ಅದನ್ನು ಮುಟ್ಟಿಸುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ರೈಲ್ವೆ ಸೇತುವೆಯ ಏರು ಹತ್ತಿಸಿ ಇಳಿಸಿ, "ಹೇಗಿದೆ ಮೇಸ್ತ್ರಿ?" ಎಂದು ಕೇಳುವುದು, ಅವನು ಕಣ್ಣು ಮುಚ್ಚಿ ಸದ್ದು ಕೇಳಿಸಿಕೊಂಡು, "ಪರವಾಗಿಲ್ಲ," ಎನ್ನುವುದು ಮೊದಲಿನಿಂದ ಬಂದ ಪದ್ಧತಿ.

ಈ ಸಲದ ಕೆಲಸ ಏರ್ ಕ್ಲೀನರಿನದು. ಕಪ್ಪೆಯ ಎಂಜಿನ್ನಿಗೆ ಅಕ್ಕಪಕ್ಕ ಕೂತ ಎರಡು ಕಾರ್ಬುರೇಟರು. ಒಂದೊಂದರ ಬಾಯಿಗೂ ಒಂದೊಂದು ದುಂಡನೆಯ ತಗಡಿನ ಡಬ್ಬಿ, ಒಳಗೆ ಧೂಳು ಸೋಸುವ ಕಾಗದದ ಮಡಿಕೆ. ಹಳೆಯ ಡಬ್ಬಿಗಳು ತುಕ್ಕು ಹಿಡಿದು ತೂತಾಗಿ, ಒಳಗಿನ ಕಾಗದ ಮುಟ್ಟಿದರೆ ಪುಡಿಯಾಗುತ್ತಿತ್ತು. ಡಾಕ್ಟರು ಎಲ್ಲೆಲ್ಲೋ ಹುಡುಕಿಸಿ ಹೊಸ ಜೊತೆ ತರಿಸಿದ್ದರು. "ಮಧ್ಯಾಹ್ನದ ಮೇಲೆ ಬರ್ತೀನಿ ಅಕ್ಕ," ಎಂದು ಬೀಗದ ಕೈ ಕೊಟ್ಟು, ತಿರುತಿರುಗಿ ಕಾರನ್ನೇ ನೋಡುತ್ತಾ ಹೋದರು.

ಹೊಸ ಡಬ್ಬಿಗಳ ಜೊತೆ ಬಂದಿದ್ದ ಪ್ಯಾಕಿಂಗುಗಳು ದಾರಿಯಲ್ಲಿ ಮುದುಡಿಹೋಗಿದ್ದವು. ಅವಳು ಡಬ್ಬಿಯ ತಳವನ್ನೇ ಅಳತೆಗಿಟ್ಟುಕೊಂಡು ಎರಡು ಹೊಸದನ್ನು ಬಡಿದಳು. ಈ ಪ್ಯಾಕಿಂಗಿನ ನಡುವೆ ಗಾಳಿ ಹೋಗಲು ದೊಡ್ಡ ತೂತು, ಎರಡು ಬದಿಗೆ ಬೋಲ್ಟಿನ ತೂತು, ಮತ್ತೆ ಮೇಲ್ಗಡೆ ಮಾತ್ರ ಎರಡು ಸಣ್ಣ ತೂತು. ಆ ಸಣ್ಣ ತೂತುಗಳಿಂದ ಗಾಳಿ ಹೋದರೇನೇ ಕಾರ್ಬುರೇಟರಿನೊಳಗಿನ ಪಿಸ್ಟನ್ ಮೇಲೇಳುವುದು. ಪ್ಯಾಕಿಂಗನ್ನು ತಲೆಕೆಳಗು ಇಟ್ಟರೂ ಬೋಲ್ಟು ಸರಿಯಾಗಿಯೇ ಕೂರುತ್ತದೆ, ಆದರೆ ಸಣ್ಣ ತೂತುಗಳು ಮುಚ್ಚಿಹೋಗುತ್ತವೆ. ನಿಂತ ಕಡೆ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಏರು ಹತ್ತಿಸಿದಾಗ ಉಸಿರು ಕಟ್ಟುತ್ತದೆ.

ಅಂದು ಮೇಸ್ತ್ರಿ ಬಹಳ ಗೆಲುವಾಗಿದ್ದ. ಹಳೆಯ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಅವು ನೆನೆಯುವವರೆಗೆ ಕಾದು, ನಯವಾಗಿ ಬಿಚ್ಚಿದ. ಡಬ್ಬಿಗಳು ಹೊರಬಂದ ಕೂಡಲೇ ಕಾರ್ಬುರೇಟರುಗಳ ತೆರೆದ ಬಾಯಿಗೆ ಶುಭ್ರ ಬಟ್ಟೆ ತುರುಕಿದ. ಒಂದು ವಾಷರ್ ಒಳಗೆ ಬಿದ್ದರೂ ಎಂಜಿನ್ ಕೈಕೊಡುತ್ತದೆ ಎನ್ನುವುದು ಅವನಿಗೆ ಮರೆತಿರಲಿಲ್ಲ. ಬೆರಳುಗಳು ತಮ್ಮ ಪಾಡಿಗೆ ತಾವು ಹಳೆಯ ದಾರಿ ಹಿಡಿದು ಹೋಗುತ್ತಿದ್ದವು. ಲೈಟ್ ಹಿಡಿದು ನಿಂತಿದ್ದ ಅವಳು ಒಳಗೊಳಗೇ ಹಿಗ್ಗಿದಳು. ಇವತ್ತು ಏನೂ ತಿದ್ದುವ ಕೆಲಸವಿಲ್ಲವೇನೋ ಎಂದುಕೊಂಡಳು. ಮೊದಲನೆಯ ಪ್ಯಾಕಿಂಗ್ ಸರಿಯಾಗಿ ಕೂತಿತು. ಎರಡನೆಯದನ್ನು ಎತ್ತಿಕೊಂಡ, ಅಂಟು ಸವರಿದ, ಬೆಳಕಿಗೆ ಹಿಡಿದು ನೋಡಿದ, ತಲೆಕೆಳಗು ಇಟ್ಟ.

ಅವಳು ನಾಲಿಗೆ ಕಚ್ಚಿಕೊಂಡಳು. ಅವನು ಡಬ್ಬಿ ಕೂರಿಸಿ, ಬೋಲ್ಟು ಬಿಗಿದು, ಎಂಜಿನ್ ಚಾಲೂ ಮಾಡಿ ಕಿವಿಗೊಟ್ಟ. ನಿಂತಲ್ಲೇ ಓಡುವ ಎಂಜಿನ್ ಯಾವ ಚಾಡಿಯನ್ನೂ ಹೇಳಲಿಲ್ಲ. "ಆಯ್ತು," ಎಂದು ಕೈ ಒರೆಸಿಕೊಂಡ.

ಊಟ ಬಡಿಸುತ್ತಲೇ ಅವಳು ಮುಂದಿನದನ್ನು ಲೆಕ್ಕ ಹಾಕಿದಳು. ಇನ್ನೇನು ಡಾಕ್ಟರು ಬರುತ್ತಾರೆ. ಇವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೇತುವೆ ಹತ್ತಿಸುತ್ತಾರೆ. ಅರ್ಧ ಏರಿನಲ್ಲಿ ಕಪ್ಪೆ ಏದುಸಿರು ಬಿಡುತ್ತದೆ. ಎಲ್ಲ ಕೆಟ್ಟರೂ ಕೆಡದ ಕಿವಿ ಅವನದು; ಯಾವ ಕಾರ್ಬುರೇಟರ್, ಏನು ತಪ್ಪು ಎಂದು ಅಲ್ಲೇ ಗೊತ್ತಾಗಿಬಿಡುತ್ತದೆ. ವಾಪಸು ಬಂದು ತಾನೇ ಬಿಚ್ಚುತ್ತಾನೆ. ತನ್ನ ಕೈಯಾರೆ ಮಾಡಿದ್ದನ್ನು ತನ್ನ ಕಣ್ಣಾರೆ ನೋಡುತ್ತಾನೆ, ಅದೂ ಡಾಕ್ಟರ ಎದುರಿಗೆ.

ಊಟವಾದ ಮೇಲೆ ಬಸ್ಸಿನ ಸೀಟಿನ ಮೇಲೆ ಒರಗಿ ಒಂದು ಕೋಳಿನಿದ್ದೆ ತೆಗೆಯುವುದು ಅವನ ಅಭ್ಯಾಸ. ಗೊರಕೆ ಶುರುವಾದದ್ದೇ ಅವಳು ಸ್ಪ್ಯಾನರ್ ಹಿಡಿದು ಕಪ್ಪೆಯ ಮೇಲೆ ಬಗ್ಗಿದಳು. ಬೋಲ್ಟು ಬಿಚ್ಚಿದಳು, ಡಬ್ಬಿ ಹೊರಗೆ ತೆಗೆದಳು, ಪ್ಯಾಕಿಂಗ್ ಎಬ್ಬಿಸಲು ಉಗುರು ಹಾಕಿದಳು. ಅಂಟು ಆಗಲೇ ಹಿಡಿದುಬಿಟ್ಟಿತ್ತು. ಪರ್ರೆಂದು ಹರಿಯಿತು.

ಹೊಸದು ಕತ್ತರಿಸಬೇಕು. ಸುತ್ತಿಗೆ ಎತ್ತಿದವಳು ಹಾಗೇ ನಿಂತಳು. ಟಕ್ ಎಂದು ಒಂದು ಸದ್ದಾದರೂ ಮೇಸ್ತ್ರಿ ಎದ್ದು ಕೂರುತ್ತಾನೆ. ಸುತ್ತಿಗೆಯನ್ನು ಮಗು ಮಲಗಿಸುವ ಹಾಗೆ ಬಟ್ಟೆಯ ಮೇಲಿಟ್ಟಳು. ಹರಿದ ಚೂರುಗಳನ್ನು ಹೊಸ ಹಾಳೆಯ ಮೇಲೆ ಜೋಡಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು, ಬ್ಲೇಡಿನಿಂದ ಕೂದಲೆಳೆಯಷ್ಟೂ ಆಚೀಚೆ ಹೋಗದಂತೆ ಕೊಯ್ದಳು. ಸಣ್ಣ ತೂತುಗಳನ್ನು ಬ್ಲೇಡಿನ ಮೊನೆಯನ್ನು ತಿರುವಿ ತಿರುವಿ ಕೊರೆದಳು. ಹೆಬ್ಬೆರಳು ಕೊಯ್ದುಕೊಂಡಿತು; ರಕ್ತ ಹಾಳೆಗೆ ತಾಗದಂತೆ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಮುಗಿಸಿದಳು. ಇನ್ನು ಅಂಟು ಸವರಿ ಇಡುವುದಷ್ಟೇ ಬಾಕಿ ಎನ್ನುವಾಗ, ಗೊರಕೆ ನಿಂತು ಎಷ್ಟೋ ಹೊತ್ತಾಗಿದೆ ಎನ್ನುವುದು ತಲೆಗೆ ಹೊಳೆಯಿತು.

ಮೇಸ್ತ್ರಿ ಹಿಂದೆಯೇ ನಿಂತಿದ್ದ.

"ಇದನ್ನ ಯಾರು ಬಿಚ್ಚಿದ್ದು?"

ಕಾನೂನು ಮುರಿದವಳಾಗಿ ಸಿಕ್ಕಿಬಿದ್ದರೂ ಚಿಂತೆಯಿಲ್ಲ, ಅವನ ತಪ್ಪು ಮಾತ್ರ ಅವನಿಗೆ ಕಾಣಬಾರದು. ಹರಿದ ಚೂರುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ನಾನೇ ಬಿಚ್ಚಿದ್ದು," ಎಂದಳು. ಬೈಯಲಿ, ಬೀದಿಯೆಲ್ಲ ಸೇರುವ ಹಾಗೆ ಬೈಯಲಿ ಎಂದು ಕಣ್ಣು ಮುಚ್ಚಿಕೊಂಡಳು.

"ಹಾಗಾದ್ರೆ ನೀವೇ ಮುಚ್ಚಬೇಕು," ಎಂದ ಮೇಸ್ತ್ರಿ. "ಇಲ್ಲಿನ ಕಾನೂನು ಅದು. ನಿಮಗೆ ಯಾರೂ ಹೇಳಿರಲಿಲ್ವೇನೋ."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಅವಳು ತಿರುಗಿದಳು. ಗಿರಾಕಿಗಳಿಗೆ, ಹೊಸಬರಿಗೆ ಮೀಸಲಾದ ಮರ್ಯಾದೆಯ ನಗು ಅವನ ಮುಖದಲ್ಲಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಆ ನಗು ಅವಳ ಪಾಲಿಗೆ ಬಂದದ್ದೇ ಇಲ್ಲ. ಅವನು ಅವಳ ಕೈಯಿಂದ ಹೊಸ ಪ್ಯಾಕಿಂಗ್ ತೆಗೆದುಕೊಂಡು ಬೆಳಕಿಗೆ ಹಿಡಿದ.

"ನೀವೇ ಕತ್ತರಿಸಿದ್ದಾ? ಸುತ್ತಿಗೆ ಸದ್ದೇ ಕೇಳಲಿಲ್ಲ."

"ನೀವು ಮಲಗಿದ್ರಿ. ಎಚ್ಚರ ಆಗುತ್ತೆ ಅಂತ ಬ್ಲೇಡಲ್ಲಿ ಕೊಯ್ದೆ."

"ಒಳ್ಳೆ ಪಳಗಿದ ಕೈ ತಾಯಿ ನಿಮ್ಮದು. ನಮ್ಮವಳೂ ಕತ್ತರಿಸ್ತಾಳೆ. ಈ ಬೀದಿಗೆಲ್ಲ ಅವಳದೇ ಪ್ಯಾಕಿಂಗು. ಆದ್ರೆ ಸುತ್ತಿಗೆ ಇಲ್ದೆ ಅವಳ ಕೈಲೂ ಇದು ಆಗಲ್ಲ."

ಅವನ ಕೈ ಅವನನ್ನು ಬಿಟ್ಟುಹೋಗದಂತೆ ಇಷ್ಟು ದಿನ ಕಾದಿದ್ದಳು. ತಾನೇ ಅವನ ನೆನಪನ್ನು ಬಿಟ್ಟುಹೋಗಬಹುದು ಎಂಬುದು ಅವಳ ಕನಸಿಗೂ ಬಂದಿರಲಿಲ್ಲ. ನಾನು ಕಣ್ರೀ, ನೋಡಿ ಇಲ್ಲಿ, ಎಂದು ಅವನ ಭುಜ ಹಿಡಿದು ಅಲ್ಲಾಡಿಸಬೇಕೆನಿಸಿತು. ಅಲ್ಲಾಡಿಸಿದರೆ ಅವನಿಗೆ ಏನು ತಿಳಿಯುತ್ತದೆ? ಹೆಂಡತಿಯ ಗುರುತೇ ಸಿಗಲಿಲ್ಲ ಎಂಬುದು ತಿಳಿಯುತ್ತದೆ. ಪ್ಲಗ್ಗಿನ ವೈರು ತಪ್ಪಿದ್ದಕ್ಕೇ ಅಷ್ಟು ನೊಂದವನು ಇದನ್ನು ಹೇಗೆ ತಡೆದುಕೊಂಡಾನು? ಅವಳು ಸ್ಪ್ಯಾನರ್ ಕೈಗೆತ್ತಿಕೊಂಡಳು.

"ಮುಚ್ಚಿ, ಮುಚ್ಚಿ. ಲೈಟ್ ನಾನು ಹಿಡೀತೀನಿ," ಎಂದು ಅವನೇ ಲೈಟ್ ಎತ್ತಿಕೊಂಡ. ಅವಳು ಪ್ಯಾಕಿಂಗನ್ನು ಸಣ್ಣ ತೂತು ಮೇಲೆ ಬರುವಂತೆ ಇಟ್ಟು, ಡಬ್ಬಿ ಕೂರಿಸಿ, ಎರಡು ಬೋಲ್ಟನ್ನೂ ಒಂದಿಷ್ಟು ಇದು, ಒಂದಿಷ್ಟು ಅದು ಎಂದು ಸಮನಾಗಿ ಬಿಗಿದಳು. ಬೋಲ್ಟು ಕಣ್ಣಿಗೆ ಮಂಜಾಗಿ ಕಾಣುತ್ತಿತ್ತು. ಅವನು ಲೈಟನ್ನು ಒಂದು ಚೂರೂ ಅಲ್ಲಾಡಿಸದೆ ಹಿಡಿದಿದ್ದ.

ಡಾಕ್ಟರು ಬಂದು, "ಬನ್ನಿ ಮೇಸ್ತ್ರಿ, ಸೇತುವೆ," ಎಂದು ಕಾರಿನೊಳಗೆ ಮಡಿಚಿಕೊಂಡರು.

"ನಾನಲ್ಲ ಡಾಕ್ಟ್ರೇ, ಈ ತಾಯಿ ಮಾಡಿದ್ದು. ಮಾಡಿದವರೇ ಕೂರಬೇಕು. ಇವರನ್ನ ಕರಕೊಂಡು ಹೋಗಿ."

ಡಾಕ್ಟರು ಗಂಡ ಹೆಂಡಿರ ಸರಸವೆಂದು ತಿಳಿದು ಗಟ್ಟಿಯಾಗಿ ನಕ್ಕರು. "ಹತ್ತಿ ಅಕ್ಕ, ಯಜಮಾನರ ಅಪ್ಪಣೆಯಾಗಿದೆ!" ಆಗುವುದಿಲ್ಲವೆಂದರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ಗುಟ್ಟು ರಟ್ಟಾಗುತ್ತದೆ. ಪಕ್ಕದ ಟಯರ್ ಅಂಗಡಿಯವನಿಗೆ, "ಮೇಸ್ತ್ರಿ ಕಡೆ ಒಂದು ಕಣ್ಣಿಡಪ್ಪ," ಎಂದು ಸನ್ನೆ ಮಾಡಿ ಹತ್ತಿದಳು. ಎಷ್ಟೋ ಕಾಲದಿಂದ ಆ ಕಾರಿನ ಕರುಳನ್ನೆಲ್ಲ ಬಲ್ಲವಳು ಅದರ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಕಪ್ಪೆ ಸೇತುವೆಯ ಏರನ್ನು ಒಂದೇ ಉಸಿರಿಗೆ ಹತ್ತಿತು. ಎರಡು ಕಾರ್ಬುರೇಟರೂ ಒಂದೇ ದನಿಯಲ್ಲಿ ಹಾಡುತ್ತಿದ್ದವು. ಮುಚ್ಚಿಗೆಯಿಲ್ಲದ ಕಾರಿನಲ್ಲಿ ಗಾಳಿ ಮುಖಕ್ಕೆ ಬಡಿಯಿತು, ಅವಳು ತಡೆಯಲಾಗದೆ ಅತ್ತಳು.

"ಗಾಳಿ ಜೋರು ಅಲ್ವಾ ಅಕ್ಕ? ನನ್ನ ಕಣ್ಣಲ್ಲೂ ಹೀಗೇ ನೀರು ಬರುತ್ತೆ," ಎಂದರು ಡಾಕ್ಟರು. "ಹೇಗಿದೆ?"

"ಪರವಾಗಿಲ್ಲ," ಎಂದಳು.

ವಾಪಸು ಬಂದು ಡಾಕ್ಟರು ಹೊರಟ ಮೇಲೆ ಮೇಸ್ತ್ರಿ ಶಟರ್ ಎಳೆಯತೊಡಗಿದ. "ನೀವೂ ಹೊರಡಿ ತಾಯಿ, ಹೊತ್ತಾಯ್ತು. ನಮ್ಮವಳು ಮನೇಲಿ ಕಾಯ್ತಿರ್ತಾಳೆ," ಎಂದು, ಬೀಗ ಹಾಕಿ, ರೂಢಿಯಂತೆ ಬೀದಿಯ ದಾರಿ ಹಿಡಿದ. ಮನೆ ಇದ್ದದ್ದು ಶೆಡ್ಡಿನ ಬೆನ್ನಿಗೇ. ಅವನು ಮೂಲೆ ಸುತ್ತಿ ಬರುವಷ್ಟರಲ್ಲಿ ಅವಳು ಓಣಿಯಲ್ಲಿ ನುಗ್ಗಿ ಹಿಂಬಾಗಿಲಿಂದ ಒಳಗೆ ಬಂದಳು. ಅಂಗಿ ಕಳಚಿ ಮೂಲೆಗೆಸೆದಳು, ತಲೆಯ ವಸ್ತ್ರ ಬಿಚ್ಚಿದಳು, ಸಾಬೂನು ಹಚ್ಚಿ ಕೈ ಮುಖ ಉಜ್ಜಿ ಉಜ್ಜಿ ತೊಳೆದಳು. ಮನೆಯಲ್ಲಿ ಹೆಂಡತಿ ಕಾಯುತ್ತಿರುತ್ತಾಳೆ ಎಂದು ನಂಬಿ ಬರುತ್ತಿದ್ದಾನೆ. ಬಾಗಿಲಲ್ಲಿ ನಿಂತವಳನ್ನೂ "ತಾಯಿ" ಎಂದುಬಿಟ್ಟರೆ? ಅವಳು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮೇಸ್ತ್ರಿ ಚಪ್ಪಲಿ ಬಿಟ್ಟು ಮುಖ ಎತ್ತಿದ. "ಬಂದೆ ಕಣೇ. ಒಂದು ಲೋಟ ನೀರು ಕೊಡು," ಎಂದ.

ಅವಳಿಗೆ ಹೋದ ಜೀವ ಬಂದಂತಾಯಿತು. ನೀರು ಕೊಟ್ಟು ಅವನ ಪಕ್ಕದಲ್ಲೇ ಕೂತಳು. ಅವನು ನೀರು ಕುಡಿದು, ಲೋಟವನ್ನು ಕೈಯಲ್ಲೇ ತಿರುವುತ್ತಾ ಮಾತು ಶುರುಮಾಡಿದ.

"ಒಂದು ಮಾತು ಹೇಳ್ತೀನಿ, ಗಾಬರಿ ಆಗಬೇಡ. ನನ್ನ ಕೈ ಮೊದಲಿನ ಹಾಗಿಲ್ಲ ಕಣೇ. ಯಾವಾಗಿನಿಂದಲೋ ಹೀಗೆ. ಏನೋ ಬಿಗೀತೀನಿ, ಆಮೇಲೆ ನೋಡಿದ್ರೆ ಅದು ನಾನು ಬಿಗಿದ ಹಾಗೆ ಇರಲ್ಲ. ನಾನೇ ಮಾಡಿದೆನೋ, ಇಲ್ವೋ, ಒಂದೂ ನೆನಪಿಗೆ ಬರಲ್ಲ. ನಿನಗೆ ಗೊತ್ತಾದ್ರೆ ಎದೆ ಒಡ್ಕೊಳ್ತೀಯ ಅಂತ ಹೇಳದೆ ಮುಚ್ಚಿಟ್ಟಿದ್ದೆ."

ಅವಳು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಳಬೇಡ. ಈಗ ದಾರಿ ಸಿಕ್ಕಿದೆ. ಇವತ್ತು ಶೆಡ್ಡಿಗೆ ಒಬ್ಬಾಕೆ ಬಂದಿದ್ರು. ಏನು ಕೈ ಅಂತೀಯ! ಸುತ್ತಿಗೆ ಇಲ್ದೆ ಪ್ಯಾಕಿಂಗ್ ಕತ್ತರಿಸಿಬಿಟ್ರು. ಆಕೆ ಜೊತೆಗಿದ್ರೆ ನಾನು ಇನ್ನೂ ಸ್ವಲ್ಪ ದಿನ ಹೇಗೋ ತಳ್ಳಬಹುದು. ನೀನು ಇನ್ನು ಆ ಮಸಿಯೊಳಗೆ ಬರೋದು ಬೇಡ ಕಣೇ. ನಾಳೆಯಿಂದ ಮನೇಲಿ ಆರಾಮವಾಗಿರು."

"ಆಗಲಿ," ಎಂದಳು ಅವಳು.

ಇದ್ದಕ್ಕಿದ್ದಂತೆ ಅವನ ಮುಖ ಕಳೆಗುಂದಿತು. "ಅಯ್ಯೋ, ನಾಳೆ ಬರ್ತೀರಾ ಅಂತ ಕೇಳೋದೇ ಮರೆತೆ. ಮನೆ ಎಲ್ಲಿ ಅಂತಲೂ ಕೇಳಲಿಲ್ಲ. ಬರದೇ ಇದ್ರೆ ಏನೇ ಮಾಡೋದು?"

"ಬರ್ತಾರೆ ಬಿಡಿ," ಎಂದು ಅವಳು ಅವನ ಕೈ ಸವರಿದಳು. "ಖಂಡಿತ ಬರ್ತಾರೆ."